ಮುಲ್ಕಿ ಯಾರು? ಸನತ್‌ನಗರದ ಶಾಸಕ ಚೆನ್ನಾರೆಡ್ಡಿ ಮತ್ತು ನಮ್ಮ ಕಲಬುರಗಿ

ಹೈದರಾಬಾದಿನಲ್ಲಿ ಕೆಲಸ ಹುಡುಕಿಕೊಂಡು ಬಂದ ನಮ್ಮ ಹುಡುಗರಿಗೆ ಅಮೀರ್‌ಪೇಟೆ ಗೊತ್ತಿಲ್ಲದೆ ಇರಲ್ಲ. ಜಾವಾ ಕಲಿತಿದ್ದು ಅಲ್ಲೇ, ಹಾಸ್ಟೆಲ್ ಹಿಡಿದಿದ್ದೂ ಅಲ್ಲೇ. ಆ ಅಮೀರ್‌ಪೇಟೆ ಇವತ್ತು ಸನತ್‌ನಗರ ವಿಧಾನಸಭಾ ಕ್ಷೇತ್ರದಲ್ಲಿದೆ. ಉರ್ದುವಿನಲ್ಲಿ ‘ಸನತ್’ ಅಂದ್ರೆ ಕೈಗಾರಿಕೆ. ಹೊರಗಿನವರು ಬಂದು ದುಡಿಯುವ ಜಾಗ ಅನ್ನೋದು ಹೆಸರಲ್ಲೇ ಇದೆ.

1989ರಲ್ಲಿ ಈ ಕ್ಷೇತ್ರದಿಂದ ಗೆದ್ದು ಆಂಧ್ರಪ್ರದೇಶದ ಮುಖ್ಯಮಂತ್ರಿ ಆದವರು ಡಾ. ಮರ್ರಿ ಚೆನ್ನಾರೆಡ್ಡಿ. ಜುಬಿಲಿ ಹಿಲ್ಸ್‌ನಲ್ಲಿ ಎಂಸಿಆರ್ ಸಂಸ್ಥೆಯ ಬೋರ್ಡ್ ನೋಡಿರ್ತೀರಲ್ಲ, ಆ ಎಂಸಿಆರ್ ಇವರೇ. ಆದರೆ ಇವರ ಕಥೆ ಶುರುವಾಗೋದು ಸನತ್‌ನಗರದಲ್ಲಲ್ಲ, ನಮ್ಮ ಗಡಿಯ ಹತ್ತಿರ.

ಹುಟ್ಟಿದ್ದು 1919ರಲ್ಲಿ, ವಿಕಾರಾಬಾದ್ ಸೀಮೆಯಲ್ಲಿ. ಓದಿದ್ದು ಎಂಬಿಬಿಎಸ್. 1952ರಲ್ಲಿ ಹೈದರಾಬಾದ್ ರಾಜ್ಯದ ಮೊದಲ ಚುನಾವಣೆಯಲ್ಲಿ ವಿಕಾರಾಬಾದಿನಿಂದ ಗೆದ್ದರು. ವಯಸ್ಸು 33. ಬೂರ್ಗುಲ ರಾಮಕೃಷ್ಣ ರಾವ್ ಸಂಪುಟದಲ್ಲಿ ಸಚಿವರೂ ಆದರು. ನೆನಪಿರಲಿ, ಬೀದರ್, ಗುಲ್ಬರ್ಗ, ರಾಯಚೂರು ಆಗ ಇದೇ ರಾಜ್ಯದಲ್ಲಿದ್ದವು. ನಮ್ಮ ಶಾಸಕರೂ ಅದೇ ಸಭೆಯಲ್ಲಿ ಕೂರುತ್ತಿದ್ದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಹೊತ್ತಿ ಉರಿಯಿತು. ‘ಮುಲ್ಕಿ’ ಅಂದರೆ ಈ ನಾಡಿನವನು. ಇಲ್ಲಿ 15 ವರ್ಷ ವಾಸ ಇದ್ದವರಿಗೇ ಸರ್ಕಾರಿ ಕೆಲಸ ಅನ್ನೋದು ನಿಜಾಮರ ಕಾಲದ ನಿಯಮ. ಹೊರಗಿನವರು ಸುಳ್ಳು ಸರ್ಟಿಫಿಕೇಟ್ ತಂದು ನೌಕರಿ ಹಿಡಿಯುತ್ತಿದ್ದಾರೆ ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. ಸಿಟಿ ಕಾಲೇಜಿನ ಹತ್ತಿರ ಗೋಲಿಬಾರ್ ಆಯಿತು, ಜೀವಗಳು ಹೋದವು. ಯುವ ಸಚಿವ ಚೆನ್ನಾರೆಡ್ಡಿ ಆಗ ಸರ್ಕಾರದ ಒಳಗಿದ್ದರು. ಆದರೆ ಈ ಪ್ರಶ್ನೆ ಅವರನ್ನು ಕೊನೆವರೆಗೂ ಬಿಡಲಿಲ್ಲ.

1956ರ ಫೆಬ್ರುವರಿಯಲ್ಲಿ ಆಂಧ್ರ ಮತ್ತು ತೆಲಂಗಾಣ ಒಂದಾಗುವ ಮೊದಲು ‘ಸಭ್ಯರ ಒಪ್ಪಂದ’ ಆಯಿತು. ಉದ್ಯೋಗದಲ್ಲಿ, ಆದಾಯದಲ್ಲಿ, ಅಧಿಕಾರದಲ್ಲಿ ತೆಲಂಗಾಣಕ್ಕೆ ಅದರ ಪಾಲು ಸಿಗಬೇಕು ಅಂತ ಬರೆದ ಆ ಕಾಗದಕ್ಕೆ ತೆಲಂಗಾಣದ ಕಡೆಯಿಂದ ಸಹಿ ಹಾಕಿದವರಲ್ಲಿ 37ರ ಚೆನ್ನಾರೆಡ್ಡಿಯೂ ಒಬ್ಬರು. ಆ ವರ್ಷ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ನಮ್ಮ ಕೈಯಲ್ಲಿ ಅಂಥ ಕಾಗದವೂ ಇರಲಿಲ್ಲ ಅನ್ನೋದನ್ನ ಗಮನಿಸಿ.

1967ರಲ್ಲಿ ಅವರು ತಾಂಡೂರಿನಿಂದ ಗೆದ್ದರು, ಕೇಂದ್ರದಲ್ಲಿ ಉಕ್ಕು ಮತ್ತು ಗಣಿ ಸಚಿವರೂ ಆದರು. ಆದರೆ ಚುನಾವಣಾ ಅಕ್ರಮದ ಕೇಸಿನಲ್ಲಿ ಹೈಕೋರ್ಟ್ ಆ ಗೆಲುವನ್ನು ರದ್ದು ಮಾಡಿತು. 1968ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ! ಕುರ್ಚಿ ಹೋದ ಮರುವರ್ಷವೇ ತೆಲಂಗಾಣ ಪ್ರಜಾ ಸಮಿತಿಯ ನಾಯಕತ್ವ ವಹಿಸಿದರು. ಇದು ನಂಬಿಕೆಯೋ, ಲೆಕ್ಕಾಚಾರವೋ? ಎರಡೂ ಇರಬಹುದು. 1971ರಲ್ಲಿ ಸಮಿತಿ ತೆಲಂಗಾಣದ 14 ಲೋಕಸಭಾ ಸ್ಥಾನಗಳಲ್ಲಿ 10 ಗೆದ್ದಿತು. ಅದೇ ವರ್ಷ ಅದನ್ನು ಕಾಂಗ್ರೆಸ್‌ನಲ್ಲಿ ವಿಲೀನ ಮಾಡಿಬಿಟ್ಟರು. ನಂಬಿದ್ದ ಎಷ್ಟೋ ಯುವಕರಿಗೆ ಅದು ಬೆನ್ನಿಗೆ ಬಿದ್ದ ಪೆಟ್ಟು.

ಹಾಗಾದರೆ ಹೋರಾಟದಿಂದ ಏನೂ ಸಿಗಲಿಲ್ಲವೇ? ಸಿಕ್ಕಿತು. ಸ್ಥಳೀಯರಿಗೆ ಓದು ಮತ್ತು ಉದ್ಯೋಗದಲ್ಲಿ ಆದ್ಯತೆ ಕೊಡುವ 371ಡಿ ವಿಧಿ 1973ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿತು. ಅದೇ ಹಳೇ ರಾಜ್ಯದ ನಮ್ಮ ಭಾಗಕ್ಕೆ 371ಜೆ ಬಂದದ್ದು 2012ರ ತಿದ್ದುಪಡಿಯಲ್ಲಿ, ಸುಮಾರು 40 ವರ್ಷ ತಡವಾಗಿ!

ಇನ್ನೊಂದು ವಿಚಿತ್ರ ನೋಡಿ. 1989ರ ಕೊನೆಯಲ್ಲಿ ಚೆನ್ನಾರೆಡ್ಡಿ ಹೈದರಾಬಾದಿನಲ್ಲಿ ಎರಡನೇ ಸಲ ಮುಖ್ಯಮಂತ್ರಿ ಆದಾಗಲೇ, ಚಿಂಚೋಳಿಯ ವೀರೇಂದ್ರ ಪಾಟೀಲರು ಬೆಂಗಳೂರಿನಲ್ಲಿ ಎರಡನೇ ಸಲ ಆದರು. ಇಬ್ಬರೂ ನಿಜಾಮರ ರಾಜ್ಯದ ಅಕ್ಕಪಕ್ಕದ ಸೀಮೆಯವರು. ಇಬ್ಬರ ಕಾಲದಲ್ಲೂ ಕೋಮುಗಲಭೆ, ಇಬ್ಬರೂ 1990 ಮುಗಿಯುವುದರೊಳಗೆ ಕುರ್ಚಿ ಬಿಟ್ಟರು. ತೀರ್ಮಾನ ಆಗುತ್ತಿದ್ದದ್ದು ದೆಹಲಿಯಲ್ಲಿ. ಚೆನ್ನಾರೆಡ್ಡಿ 1996ರಲ್ಲಿ ತೀರಿಕೊಂಡರು, ಆಗ ತಮಿಳುನಾಡಿನ ರಾಜ್ಯಪಾಲರು.

ಹೈದರಾಬಾದಿನಲ್ಲಿ ನಾವು ಹೊರಗಿನವರು, ಊರಲ್ಲಿ 371ಜೆ ಸರ್ಟಿಫಿಕೇಟ್ ಹಿಡಿದು ನಿಲ್ಲುವಾಗ ಸ್ಥಳೀಯರು. ಮುಲ್ಕಿಯ ಪ್ರಶ್ನೆಗೆ ನಾವು ಎರಡೂ ಕಡೆ ನಿಂತಿದ್ದೀವಿ. ಹಾಗಾಗಿ ಯಾರನ್ನಾದರೂ ‘ಹೊರಗಿನವನು’ ಅನ್ನೋ ಮೊದಲು ಈ ಇತಿಹಾಸ ಒಂದ್ಸಲ ನೆನಪಾಗಲಿ. ಮತ್ತೆ ಸಿಗೋಣ.