ಕಪ್ಪೆ ಕಾಲಿನ ಜಗಳ

ಪಿಯುಸಿ ಫಿಸಿಕ್ಸ್ ಲ್ಯಾಬ್ ನೆನಪಿದೆಯಾ? ಅಲ್ಲಿ ಗ್ಯಾಲ್ವನೋಮೀಟರು, ವೋಲ್ಟ್‌ಮೀಟರು ಒಂದೇ ಮೇಜಿನ ಮೇಲೆ ತೆಪ್ಪಗೆ ಕೂತಿರುತ್ತವೆ. ಆದರೆ ಆ ಹೆಸರಿನ ಮನುಷ್ಯರಿಬ್ಬರೂ ವರ್ಷಗಟ್ಟಲೆ ವಾದ ಮಾಡಿದವರು. ಕಾರಣ, ಸತ್ತ ಕಪ್ಪೆಯ ಕಾಲು!

ಲುಯಿಜಿ ಗ್ಯಾಲ್ವನಿ ಇಟಲಿಯ ಬೊಲೋನ್ಯಾದಲ್ಲಿ ಅಂಗರಚನಾಶಾಸ್ತ್ರದ ಮೇಷ್ಟ್ರು. 1780ರ ದಶಕದಲ್ಲಿ ಒಮ್ಮೆ, ನರದ ಸಮೇತ ಬಿಡಿಸಿಟ್ಟ ಕಪ್ಪೆಯ ನರಕ್ಕೆ ಚಾಕು ತಾಗಿದಾಗಲೇ ಪಕ್ಕದ ವಿದ್ಯುತ್ ಯಂತ್ರದಲ್ಲಿ ಕಿಡಿ ಹಾರಿತು. ಕಾಲು ಝಾಡಿಸಿತು. ಆಮೇಲೆ ಹಿತ್ತಾಳೆ ಕೊಕ್ಕೆಗೆ ಸಿಕ್ಕಿಸಿ ಕಬ್ಬಿಣಕ್ಕೆ ತಾಗಿಸಿದರೆ ಯಂತ್ರವಿಲ್ಲದೆಯೂ ಒದೆಯಿತು. ವಿದ್ಯುತ್ತು ಪ್ರಾಣಿಯ ದೇಹದಲ್ಲೇ ಇದೆ ಅಂತ 1791ರಲ್ಲಿ ಪ್ರಕಟಿಸಿದ.

ಪಾವಿಯಾದ ಅಲೆಸ್ಸಾಂದ್ರೊ ವೋಲ್ಟಾ ಮೊದಲು ಒಪ್ಪಿದ, ಆಮೇಲೆ ಅನುಮಾನಪಟ್ಟ. ಎರಡು ಬೇರೆ ಬೇರೆ ಲೋಹ ಯಾಕೆ ಬೇಕು? ವಿದ್ಯುತ್ತು ಹುಟ್ಟೋದು ಲೋಹಗಳಿಂದ, ಕಪ್ಪೆ ಬರೀ ಮೀಟರು ಅಂದ. ತಪ್ಪು ಕೋಡಿನದೋ ಟೆಸ್ಟ್ ಸೆಟಪ್ಪಿನದೋ ಅಂತ ನಾವು ಆಫೀಸಿನಲ್ಲಿ ಕಿತ್ತಾಡ್ತೀವಲ್ಲ, ಹಾಗೆ.

ಗ್ಯಾಲ್ವನಿಯ ಉತ್ತರ ನನಗೆ ತುಂಬಾ ಇಷ್ಟ. ಲೋಹವನ್ನೇ ತೆಗೆದುಬಿಟ್ಟ! ಕತ್ತರಿಸಿದ ನರವನ್ನು ನೇರವಾಗಿ ಸ್ನಾಯುವಿಗೆ ತಾಗಿಸಿದ. ಆಗಲೂ ಕಾಲು ಒದೆಯಿತು. ಆದರೆ 1798ರಲ್ಲಿ, ನೆಪೋಲಿಯನ್ ಕಟ್ಟಿದ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಕೆಲಸ ಕಳೆದುಕೊಂಡ. ಅದೇ ಡಿಸೆಂಬರಿನಲ್ಲಿ ತೀರಿಕೊಂಡ. 1800ರಲ್ಲಿ ವೋಲ್ಟಾ, ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನ ಬಟ್ಟೆ ಇಟ್ಟು ಪೇರಿಸಿದ. ಕಪ್ಪೆಯಿಲ್ಲದೆ ಕರೆಂಟು ಬಂತು. ಬ್ಯಾಟರಿ ಹುಟ್ಟಿದ್ದೇ ಹೀಗೆ. ವೋಲ್ಟಾ ಗೆದ್ದ ಅಂತ ಲೋಕ ತೀರ್ಮಾನಿಸಿತು.

ತಮಾಷೆ ನೋಡಿ, 1803ರ ಜನವರಿಯಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಜಾರ್ಜ್ ಫಾರ್ಸ್ಟರ್ ಎಂಬಾತನ ಶವಕ್ಕೆ ಗ್ಯಾಲ್ವನಿಯ ಸೋದರಳಿಯ ಅಲ್ದಿನಿ ಕರೆಂಟು ಕೊಟ್ಟ. ದವಡೆ ಅದುರಿತು, ಒಂದು ಕಣ್ಣು ತೆರೆಯಿತು. ಮಾವನ ವಾದ ಎತ್ತಿಹಿಡಿಯಲು ಬಳಸಿದ್ದು ವೋಲ್ಟಾನ ಬ್ಯಾಟರಿಯನ್ನೇ!

ಮಾವನಿಗೆ ಪೂರ್ತಿ ನ್ಯಾಯ ಸಿಗೋಕೆ ಇನ್ನೂ ನೂರೈವತ್ತು ವರ್ಷ ಹಿಡಿಯಿತು. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್ಲಿ, ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಪೊರೆ ದಾಟುವುದರಿಂದ ಸಂಕೇತ ಹೇಗೆ ಹುಟ್ಟುತ್ತದೆ ಅಂತ ಲೆಕ್ಕ ಸಮೇತ ವಿವರಿಸಿದರು. 1963ರಲ್ಲಿ ನೊಬೆಲ್ ಬಂತು. ನರಕ್ಕೆ ತನ್ನದೇ ವಿದ್ಯುತ್ತು ಇದೆ. ಬೇರೆ ಬೇರೆ ಲೋಹ ಸೇರಿದರೂ ಕರೆಂಟು ಬರುತ್ತೆ. ಇಬ್ಬರೂ ಅರ್ಧರ್ಧ ಸರಿ!

ಇವತ್ತು ಪಾರ್ಶ್ವವಾಯುವಿನಿಂದ ಪಾದ ಜೋತುಬಿದ್ದವರಿಗೆ, ಮೊಣಕಾಲಿನ ಹತ್ತಿರದ ನರಕ್ಕೆ ಕರೆಂಟು ಕೊಟ್ಟು ನಡೆಯುವಾಗ ಪಾದ ಎತ್ತಿಸುವ ಸಾಧನಗಳಿವೆ. ಅದರ ಬ್ಯಾಟರಿ ವೋಲ್ಟಾನದು, ನರ ಗ್ಯಾಲ್ವನಿಯದು. ಜಗಳ ಅಲ್ಲಿ ಮುಗಿದಿದೆ ಅನ್ನಿಸುತ್ತೆ ನನಗೆ. ನೀವೇನಂತೀರಿ?