ಮನೆಯಲ್ಲಿ ಚರ್ಚೆ ಎಬ್ಬಿಸಿದ ‘ಟರ್ನಿಂಗ್ ರೆಡ್’

‘ಟರ್ನಿಂಗ್ ರೆಡ್’ ಅಮೆರಿಕದ ಪಿಕ್ಸಾರ್ ಸಂಸ್ಥೆಯ ಆನಿಮೇಷನ್ ಚಿತ್ರ. ನಿರ್ದೇಶಕಿ ಡೋಮೀ ಶೀ. 2022ರ ಮಾರ್ಚ್ 11ರಂದು ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾಯಿತು. ಕಥೆ ನಡೆಯುವುದು ಕೆನಡಾದ ಟೊರಾಂಟೊದಲ್ಲಿ, 2002ರಲ್ಲಿ. ಚೀನೀ ಮೂಲದ 13ರ ಬಾಲೆ ಮೇಲಿನ್ ಒಂದು ಬೆಳಗ್ಗೆ ದೊಡ್ಡ ಕೆಂಪು ಪಾಂಡಾ ಆಗಿ ಏಳುತ್ತಾಳೆ. ಮಗಳು ಮೈನೆರೆದಳೆಂದು ತಿಳಿದ ತಾಯಿ ಪ್ಯಾಡ್‌ಗಳನ್ನು ಹೊತ್ತು ಬಚ್ಚಲುಮನೆಗೆ ಓಡಿ ಬರುತ್ತಾಳೆ; ಆಮೇಲೆ ಶಾಲೆಯ ಕಿಟಕಿಯ ಬಳಿಗೂ!

ಈ ದೃಶ್ಯಗಳಿಗೆ ಅಮೆರಿಕದಲ್ಲಿ ಕೆಲ ಹೆತ್ತವರು ಆಕ್ಷೇಪಿಸಿದರು. ಚಿಕ್ಕ ಮಕ್ಕಳು ಪ್ರಶ್ನೆ ಕೇಳಿದರೆ ಏನು ಹೇಳುವುದು ಎಂಬುದು ಅವರ ಅಳಲು. ಹುಡುಗಿ ತಾಯಿಗೆ ಸುಳ್ಳು ಹೇಳುವುದು, ಹುಡುಗರ ಚಿತ್ರ ಬಿಡಿಸುವುದು ಇನ್ನು ಕೆಲವರಿಗೆ ಹಿಡಿಸಲಿಲ್ಲ. ಮಗಳ ಜತೆ ಮಾತಿಗೆ ದಾರಿಯಾಯಿತೆಂದು ಮೆಚ್ಚಿದವರೂ ಇದ್ದರು. (ಆರತಿ ಎತ್ತಿ ಸಿಹಿ ಹಂಚುವ ನಮ್ಮಲ್ಲೂ, ಆದದ್ದೇನೆಂದು ಹುಡುಗಿಗೆ ಬಿಡಿಸಿ ಹೇಳುವವರು ಕಡಿಮೆ.)

ಡಿಸ್ನಿಗೆ ಈ ವಿಷಯ ಹೊಸದೇನಲ್ಲ. 1946ರಲ್ಲೇ ಅದು ಮುಟ್ಟಿನ ಬಗ್ಗೆ ಸುಮಾರು 10 ನಿಮಿಷದ ಕಾರ್ಟೂನ್ ತಯಾರಿಸಿತ್ತು. ಅದನ್ನು ತೋರಿಸುತ್ತಿದ್ದುದು ಶಾಲೆಗಳಲ್ಲಿ, ಹುಡುಗಿಯರಿಗೆ. ಈಗಿನದು ಅಪ್ಪ, ಅಣ್ಣ-ತಮ್ಮಂದಿರೊಡನೆ ಮನೆಯ ಟಿವಿಯಲ್ಲಿ ನೋಡುವ ಚಿತ್ರ. ಕಸಿವಿಸಿಯ ಮೂಲ ಇಲ್ಲೇ ಇರುವಂತಿದೆ. ಅಂದಿನ ಕಾರ್ಟೂನಿನಲ್ಲಿ ರಕ್ತವನ್ನು ಬಿಳಿ ಬಣ್ಣದಲ್ಲಿ ತೋರಿಸಲಾಗಿತ್ತು.