ಕೈತಪ್ಪೋ, ಕಳ್ಳಾಟವೋ?

ಇಸ್ಪೀಟು ಅಂದ ಕೂಡಲೇ ನಮ್ಮಲ್ಲಿ ಎರಡು ಮಾತು ಒಟ್ಟಿಗೇ ನೆನಪಿಗೆ ಬರುತ್ತವೆ, ಆಟ ಮತ್ತು ಮೋಸ. ಮದುವೆಮನೆಯಲ್ಲಿ ಚಾಪೆ ಹಾಸಿಕೊಂಡು ಕೂತ ಮಾವಂದಿರ ಗುಂಪಿನಲ್ಲೂ "ಕೊಡಿಲ್ಲಿ, ಎಲೆ ನಾನು ಕಲಸ್ತೀನಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಜಗಳ ಹತ್ತಿದರೆ ಯಾರಾದರೂ ಹಿರಿಯರು ಗದರಿ ಮುಗಿಸುತ್ತಾರೆ. ಆದರೆ ಬೇರೆ ಬೇರೆ ದೇಶದವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದವರು, ಲಕ್ಷಗಟ್ಟಲೆ ಡಾಲರ್ ಬಹುಮಾನದ ಮುಂದೆ ಎಲೆ ಹಿಡಿದು ಕೂತರೆ? ಅಲ್ಲಿ ಗದರುವವರು ಯಾರು?

ಟ್ರೇಡಿಂಗ್ ಕಾರ್ಡ್ ಆಟಗಳ ಚರಿತ್ರೆ ಓದುತ್ತಾ ಹೋದರೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ. ನಾನು ಈ ಟೂರ್ನಿಗಳಲ್ಲಿ ಆಡಿದವಳಲ್ಲ. ನಿಯಮದ ಪುಸ್ತಕಗಳನ್ನು ಕಾದಂಬರಿ ಥರ ಓದುವ ಚಟ ಇದೆ, ಅಷ್ಟೇ!

ಗೊತ್ತಿಲ್ಲದವರಿಗೆ ಎರಡು ಮಾತು. ಇಂಥ ಆಟಗಳಲ್ಲಿ ಮೊದಲನೆಯದು 'ಮ್ಯಾಜಿಕ್: ದ ಗ್ಯಾದರಿಂಗ್'. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ್ದು, 1993ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಮಾರುಕಟ್ಟೆಗೆ ತಂದಿದ್ದು. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಟ್ಟು. ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಕಾರ್ಡುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡು, ಸಾಮಾನ್ಯವಾಗಿ ಅರವತ್ತರ ಕಟ್ಟನ್ನು ಆಟಗಾರನೇ ಮನೆಯಿಂದ ತರುತ್ತಾನೆ. ಅಂದರೆ ಕಟ್ಟು ಅವನದೇ, ಮೇಲಿನ ಪ್ಲಾಸ್ಟಿಕ್ ಕವರೂ ಅವನದೇ, ಕಲಸುವ ಕೈಯೂ ಅವನದೇ. ಮೋಸಕ್ಕೆ ದಾರಿ ಎಷ್ಟಿದೆ ನೋಡಿ...

1994ರಲ್ಲಿ ಮಿಲ್ವಾಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ನಗದು ಬಹುಮಾನದ 'ಪ್ರೋ ಟೂರ್' ಶುರುವಾಯಿತು. ದುಡ್ಡು ಬಂದಮೇಲೆ ಕೇಳಬೇಕೆ? ಆಟಗಾರರ ನಡತೆಯೂ ತೀರ್ಪುಗಾರರ ನಡತೆಯೂ ಚರ್ಚೆಯ ವಸ್ತುವಾದವು.

ಆ ಕಾಲದ ಎಲ್ಲ ಗೊಂದಲಗಳೂ ಮೈಕ್ ಲಾಂಗ್ ಎಂಬ ಒಬ್ಬ ಅಮೆರಿಕನ್ ಆಟಗಾರನಲ್ಲೇ ಸಿಗುತ್ತವೆ. 1997ರ ಪ್ಯಾರಿಸ್ ಪ್ರೋ ಟೂರ್ ಫೈನಲ್‌ನ ಒಂದು ಆಟದಲ್ಲಿ, ಅವನನ್ನು ಗೆಲ್ಲಿಸಬಹುದಾಗಿದ್ದ ಏಕೈಕ ಕಾರ್ಡು ಮೊದಲೇ ಆಟದಿಂದ ಹೊರಹೋಗಿತ್ತು. ಆದರೂ ಗೆದ್ದೇಬಿಟ್ಟೆ ಅನ್ನುವ ಮುಖ ಹೊತ್ತು ಆಡುತ್ತಾ ಹೋದ. ಎದುರಿಗಿದ್ದ ಮಾರ್ಕ್ ಜಸ್ಟಿಸ್ ನಂಬಿ ಸೋಲೊಪ್ಪಿಕೊಂಡ! ಇದು ಮೋಸವೇ? ಅಲ್ಲ. ಇದು ಬರೀ ಬುರುಡೆ, ನಿಯಮ ಇದನ್ನು ಒಪ್ಪುತ್ತದೆ.

ಮರುವರ್ಷ, 1998ರ ಅಮೆರಿಕದ ರಾಷ್ಟ್ರೀಯ ಟೂರ್ನಿಯಲ್ಲಿ, ಅದೇ ಲಾಂಗ್‌ನ ತೊಡೆಯ ಮೇಲೆ ಅವನ ಕಟ್ಟಿಗೆ ಸೇರಿದ ಮುಖ್ಯ ಕಾರ್ಡೊಂದು ಸಿಕ್ಕಿತು. ಜಾರಿ ಬಿದ್ದದ್ದೋ, ಬಚ್ಚಿಟ್ಟದ್ದೋ? ಟೂರ್ನಿಯಿಂದ ಹೊರಹಾಕಲಿಲ್ಲ, ಅವನು ಆಡಿ ರಾಷ್ಟ್ರೀಯ ತಂಡಕ್ಕೂ ಆಯ್ಕೆಯಾದ. ಇವತ್ತಿಗೂ ಆ ತೀರ್ಪನ್ನು ಬೈಯುವವರಿದ್ದಾರೆ. ಕಾರ್ಡು ತೊಡೆಯ ಮೇಲಿದ್ದದ್ದು ಎಲ್ಲರಿಗೂ ಕಂಡಿತ್ತು, ಅದು ಅಲ್ಲಿಗೆ ಹೋದದ್ದು ಹೇಗೆ ಅನ್ನುವುದು ಯಾರಿಗೂ ಕಂಡಿರಲಿಲ್ಲ.

ಮುಂದೆ ಬೆಳೆದ ನಿಯಮಾವಳಿಯೆಲ್ಲ ಈ ಒಂದು ಗಂಟಿನ ಸುತ್ತಲೇ ಇದೆ ಅಂತ ನನಗನ್ನಿಸುತ್ತದೆ. ತಪ್ಪುಗಳಿಗೆ ನಾಲ್ಕು ಮೆಟ್ಟಿಲು ಮಾಡಿದರು: ಎಚ್ಚರಿಕೆ, ಒಂದು ಆಟದ ಸೋಲು, ಇಡೀ ಪಂದ್ಯದ ಸೋಲು, ಟೂರ್ನಿಯಿಂದಲೇ ಹೊರಗೆ. ಮೋಸ ಅನ್ನಬೇಕಾದರೆ ಆಟಗಾರ ನಿಯಮ ಮುರಿದಿರಬೇಕು ಇಲ್ಲವೇ ಜಡ್ಜ್‌ಗೆ ಸುಳ್ಳು ಹೇಳಿರಬೇಕು. ಅದರಿಂದ ಲಾಭ ಬಯಸಿರಬೇಕು. ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ಗೊತ್ತಿರಬೇಕು. ಮೊದಲ ಜಡ್ಜ್‌ನ ತೀರ್ಪು ಒಪ್ಪಿಗೆಯಾಗದಿದ್ದರೆ ಹೆಡ್ ಜಡ್ಜ್‌ಗೆ ಮೇಲ್ಮನವಿ, ಅವರದೇ ಕೊನೆಯ ಮಾತು.

ಆದರೆ 'ಗೊತ್ತಿರಬೇಕು' ಅನ್ನುವುದನ್ನು ಅಳೆಯುವುದು ಹೇಗೆ ಸ್ವಾಮಿ? ನಿಧಾನವಾಗಿ ಆಡಿದರೆ ಬರೀ ಎಚ್ಚರಿಕೆ. ಗಡಿಯಾರ ಮುಗಿಯಲಿ ಅಂತ ಬೇಕೆಂದೇ ನಿಧಾನ ಮಾಡಿದರೆ ಹೊರಗೆ. ಕೈ ಓಡುವ ವೇಗ ಎರಡರಲ್ಲೂ ಒಂದೇ! ಜಪಾನಿನ ತೊಮೊಹಾರು ಸೈಟೊ 2007ರ 'ವರ್ಷದ ಆಟಗಾರ'. 2010ರಲ್ಲಿ ಕೊಲಂಬಸ್ ಗ್ರ್ಯಾನ್ ಪ್ರೀಯಲ್ಲಿ ಕಾಲಹರಣದ ಕಾರಣಕ್ಕೆ ಹೊರಬಿದ್ದರು. ಅದೇ ವರ್ಷ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಗಿದ್ದವರ ಹೆಸರು ರದ್ದಾಯಿತು, ಜೊತೆಗೆ 18 ತಿಂಗಳ ನಿಷೇಧ.

ನಿಯಮಕ್ಕೆ ನಿಯಮವೇ ತಿರುಗಿ ಬೀಳುವುದೂ ಉಂಟು. ಕಲಸಿದ ಕಟ್ಟನ್ನು ಎದುರಾಳಿಗೆ ಕೊಡಬೇಕು, ಅವನೂ ಕಲಸಬೇಕು ಅನ್ನುವುದು ಕಳ್ಳಾಟ ತಡೆಯಲೆಂದೇ ಇರುವ ಪದ್ಧತಿ. 2014ರಲ್ಲಿ ಇಬ್ಬರು ಆಟಗಾರರು ಅದನ್ನೇ ಬಳಸಿ, ಎದುರಾಳಿಯ ಕಟ್ಟನ್ನು ಕಲಸುವ ನೆಪದಲ್ಲಿ ಕಾರ್ಡುಗಳನ್ನು ತಮಗೆ ಬೇಕಾದ ಹಾಗೆ ಕೂರಿಸಿದ್ದು ಬಯಲಾಯಿತು. ಹಿಡಿದವರು ಜಡ್ಜ್‌ಗಳಲ್ಲ, ಅಂತರ್ಜಾಲದಲ್ಲಿ ವಿಡಿಯೋ ನೋಡಿದ ಜನ! ಇಬ್ಬರಿಗೂ ನಾಲ್ಕು ವರ್ಷ ನಿಷೇಧ. ಒಳ್ಳೆಯದೇ ಆಯಿತು. ಆದರೆ ಕ್ಯಾಮೆರಾ ಇರುವುದು ಒಂದೆರಡು ಮೇಜಿನ ಮುಂದೆ ಮಾತ್ರ, ಆಟ ನಡೆಯುವುದು ನೂರಾರು ಮೇಜುಗಳಲ್ಲಿ.

ಇನ್ನು ಭಾಷೆ. ಯಾವ ಭಾಷೆಯಲ್ಲಿ ಮುದ್ರಿಸಿದ ಕಾರ್ಡನ್ನಾದರೂ ಬಳಸಬಹುದು, ಅಧಿಕೃತ ಪಠ್ಯ ಮಾತ್ರ ಇಂಗ್ಲಿಷಿನದು. 2017ರ ಫೆಬ್ರವರಿಯಲ್ಲಿ ಡಬ್ಲಿನ್ ಪ್ರೋ ಟೂರ್‌ನಲ್ಲಿ ಒಬ್ಬ ಆಟಗಾರ 'ಕಾಂಬ್ಯಾಟ್' ಅಂದ. ದಾಳಿಯ ಹಂತಕ್ಕೆ ಹೋಗೋಣ, ಅಲ್ಲಿ ಇನ್ನಷ್ಟು ಸಿದ್ಧತೆ ಮಾಡಿಕೊಳ್ಳುತ್ತೇನೆ ಅನ್ನುವುದು ಅವನ ಲೆಕ್ಕ. ಅಂದಿನ ನಿಯಮದ ಪ್ರಕಾರ ಆ ಒಂದು ಪದಕ್ಕೆ ಸಿದ್ಧತೆಯೆಲ್ಲ ಮುಗಿಯಿತು ಅಂತ ಅರ್ಥ. ಜಡ್ಜ್ ನಿಯಮದಂತೆಯೇ ತೀರ್ಪು ಕೊಟ್ಟರು. ಗಲಾಟೆಯೋ ಗಲಾಟೆ! ಕೆಲವೇ ತಿಂಗಳಲ್ಲಿ ಆ ನಿಯಮವನ್ನೇ ತಿದ್ದಿದರು. ತೀರ್ಪು ಸರಿ, ನಿಯಮ ತಪ್ಪು. ಹೀಗೂ ಆಗಬಹುದು ಅಂತ ಒಪ್ಪಿಕೊಂಡದ್ದು ನನಗೆ ಬಹಳ ಹಿಡಿಸಿತು.

ಕೊನೆಯದಾಗಿ ಯೂಯಾ ವಟನಾಬೆ. 2012ರ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದವರು, 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. 2019ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಐದು ಲಕ್ಷ ಡಾಲರಿನ ಟೂರ್ನಿ. ಅವರ ಕಟ್ಟಿನ ಮುಖ್ಯ ಕಾರ್ಡುಗಳ ಕವರಿನ ಮೇಲೆ ಗುರುತುಗಳು ಕಂಡವು. ಬೇಕೆಂದು ಮಾಡಿದ್ದಲ್ಲ ಅಂದರು. ಜಡ್ಜ್‌ಗಳು ಒಪ್ಪಲಿಲ್ಲ. 30 ತಿಂಗಳ ನಿಷೇಧ, ಹಾಲ್ ಆಫ್ ಫೇಮ್‌ನಿಂದಲೂ ಹೊರಗೆ. ಇಲ್ಲಿ ಯಾರ ಮನಸ್ಸನ್ನೂ ಓದಬೇಕಾಗಿರಲಿಲ್ಲ. ಯಾವ್ಯಾವ ಕಾರ್ಡಿನ ಮೇಲೆ ಗುರುತಿದೆ ಅನ್ನುವುದೇ ಸಾಕ್ಷಿಯಾಯಿತು.

1998ಕ್ಕೂ 2019ಕ್ಕೂ ನಡುವೆ ಮನುಷ್ಯರೇನೂ ಹೆಚ್ಚು ಪ್ರಾಮಾಣಿಕರಾಗಲಿಲ್ಲ. "ಇವನು ಎಂಥವನು" ಅನ್ನುವುದನ್ನು ಬಿಟ್ಟು "ಮೇಜಿನ ಮೇಲೆ ಏನು ಕಾಣುತ್ತಿದೆ" ಅಂತ ಕೇಳುವುದನ್ನು ತೀರ್ಪುಗಾರರು ಕಲಿತರು. ದೊಡ್ಡ ಹೆಸರಿನವನಿಗೂ ಹೊಸಬನಿಗೂ ಒಂದೇ ಅಳತೆ ಅನ್ನುವುದು ಬಂದದ್ದು ಹೀಗೆ. ಆದರೂ ಗುರುತೂ ಇಲ್ಲದ, ವಿಡಿಯೋವೂ ಇಲ್ಲದ ಮೂಲೆಯ ಮೇಜಿನಲ್ಲಿ ಜಡ್ಜ್ ಇವತ್ತಿಗೂ ಎದುರಿಗಿರುವವನ ಮುಖ ನೋಡಿಯೇ ನಿರ್ಧರಿಸಬೇಕು. ಆಗ ಒಬ್ಬ ಕಳ್ಳ ತಪ್ಪಿಸಿಕೊಳ್ಳುವುದು ಮೇಲೋ, ಒಬ್ಬ ನಿರಪರಾಧಿ ಹೊರಬೀಳುವುದು ಮೇಲೋ? ನನ್ನ ಓಟು ಮೊದಲನೆಯದಕ್ಕೆ. ನೀವೇನಂತೀರಿ?